ಬೇಸಿಗೆಯ ಹದ

ಹೊಸಪೇಟೆ
ಭಾನುವಾರ, ೨೭ ಮೇ ೨೦೦೭

ಪ್ರಿಯ ಕಾವ್ಯ,

ಇವತ್ತು ಬೆಳಿಗ್ಗೆ ಅಪ್ಪ ಕ್ಯಾಲೆಂಡರಿನ ಹಾಳೆ ಹರಿಯಲು ಕೈ ಚಾಚಿದರು. ಬೆರಳುಗಳು ಹಾಳೆಗಿಂತ ಒಂದು ಗೇಣು ಈಚೆಗೇ ಗಾಳಿಯನ್ನು ಹಿಡಿದವು. ಎರಡನೆಯ ಸಲ ಕೈ ಪಕ್ಕಕ್ಕೆ ಹೋಗಿ ಗೋಡೆಗೆ ತಾಗಿತು. ಅದನ್ನೇ ನೆಪ ಮಾಡಿಕೊಂಡು ಅಂಗೈಯಿಂದ ಗೋಡೆ ಒರೆಸುತ್ತಾ, "ಎಷ್ಟು ಧೂಳು ಕುಂತೈತಿ ನೋಡು" ಅಂದರು. ನಿಮ್ಮೂರಿನಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು ನಮ್ಮ ಗೋಡೆಯ ಮೇಲೆ ಯಾವಾಗಲೂ ಇರುತ್ತದೆ, ಹಾಗಾಗಿ ಅದು ಸುಳ್ಳೂ ಅಲ್ಲ. ನಾನು ಜೋಳದ ಹಿಟ್ಟು ನಾದುತ್ತಾ ಏನೂ ನೋಡದವಳ ಹಾಗೆ ಇದ್ದೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯದಿದ್ದಕ್ಕೆ ಕ್ಷಮಿಸು ಅಂತ ಬರೆಯಬೇಕು, ಆದರೆ ಕ್ಷಮೆ ಕೇಳಬೇಕಾದ ವಿಷಯ ಬೇರೆ ಇದೆ. ನೀನು ಆರು ಸಲ ಫೋನ್ ಮಾಡಿದ್ದೂ ಗೊತ್ತು. ಫೋನಿನಲ್ಲಿ ನನ್ನ ಬಾಯಿ ಕಟ್ಟುತ್ತದೆ. ಕಾಲೇಜಿನಲ್ಲಿ ನೀನೇ ಅನ್ನುತ್ತಿದ್ದೆಯಲ್ಲ, "ಲೇ ಗಂಗೀ, ನಾಲಿಗಿ ಏನು ಲಾಕರ್‌ನ್ಯಾಗ ಇಟ್ಟು ಬಂದೀಯೇನು?" ಅಂತ. ಬರೆಯುವಾಗ ಮಾತ್ರ ನನಗೆ ಬಾಯಿ ಇರುತ್ತದೆ. ಇರುತ್ತದೆ ಅಂದುಕೊಂಡಿದ್ದೆ.

ಮೊದಲು ಅಪ್ಪನ ಸುದ್ದಿ. ಹೋದ ವಾರ ಮತ್ತೆ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದೆವು. ಬಲಗಣ್ಣಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ, ಎಡಗಣ್ಣಿಗೆ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ, ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಅಪ್ಪ ದಿನಾ ಬಂದೂಕು ರಿಪೇರಿಯ ಅಂಗಡಿಯ ಬಾಗಿಲು ತೆಗೆಯುತ್ತಾರೆ, ಆದರೆ ಯಾರ ಬಂದೂಕನ್ನೂ ಮುಟ್ಟುವುದಿಲ್ಲ. ಮೊನ್ನೆ ಕಂಪ್ಲಿಯಿಂದ ಮೂಕಣ್ಣ ಬಂದಿದ್ದ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಹೆದರಿಸಲು ಅವನಲ್ಲಿ ಒಂದು ಹಳೆಯ ಒಂಟಿ ನಳಿಗೆಯ ಬಂದೂಕು ಇದೆ, ಹದಿನೈದು ವರ್ಷದಿಂದ ಅಪ್ಪನೇ ಅದರ ವೈದ್ಯರು.

"ಬ್ಯಾರೆ ಕಡಿ ತೋರ್ಸಪ್ಪ," ಅಂದರು ಅಪ್ಪ.

"ಉಜ್ಜಿನಪ್ಪಣ್ಣ, ನಿನ್ನ ಬಿಟ್ಟು ಇದ್ಯಾರ ಮಾತು ಕೇಳ್ತೈತಿ? ಹೆಂಡ್ತಿಗಿಂತ ಜಾಸ್ತಿ ಹಟ ಇದರದು."

ಅಪ್ಪ ನಗಲಿಲ್ಲ. "ತಕ್ಕಡಿ ನೋಡಾಕ ಬರದಾವಗ ಬಂದೂಕು ಕೊಡಬಾರದು, ಹೋಗು," ಅಂದರು. ಮೂಕಣ್ಣ ಹೋದಮೇಲೆ ಅವ್ವ ಒಳಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಪೇಟೆಯಲ್ಲಿ ಈಗಾಗಲೇ ಮಾತು ಹಬ್ಬಿದೆ, ಉಜ್ಜಿನಪ್ಪನ ಕೈ ನಡುಗುತ್ತದೆ, ಮದ್ದು ಹೆಚ್ಚು ಹಾಕಿದ ಅಂತ. ಮೂವತ್ತು ವರ್ಷದ ಹೆಸರು.

ನೀನು ಬರೆದಿದ್ದೀಯ: "ತಪ್ಪು ಕಾಕಾರದ್ದಲ್ಲ, ನಂದು. ತೋಟಾಕ್ಕೆ ಮದ್ದು ತುಂಬಿದವಳು ನಾನು. ತೂಕ ಮಾಡೋವಾಗ ನನ್ನ ಕೈ ಎಲ್ಲೋ ತಪ್ಪಿರಬೇಕು. ಇನ್ನು ಜನ್ಮದಲ್ಲಿ ಬಂದೂಕು ಮುಟ್ಟಲ್ಲ." ಈ ಸಾಲನ್ನು ಮೊದಲ ಸಲ ಓದಿದಾಗ ನನಗೆ ಏನಾಯಿತೆಂದು ಹೇಳುತ್ತೇನೆ, ಅಸಹ್ಯಪಡಬೇಡ. ಹೊಟ್ಟೆಯಲ್ಲಿ ತಣ್ಣಗಾಯಿತು. ನೀನು ಇನ್ನು ನಮ್ಮ ಅಂಗಡಿಗೆ ಬರುವುದಿಲ್ಲ ಎಂದು ಮನಸ್ಸು ಲೆಕ್ಕ ಹಾಕಿತು. ಅಪ್ಪನ ಕಣ್ಣಿಗೆ ನಾನೇ ಬಟ್ಟೆ ಕಟ್ಟಿ ಒಳಗೆ ಬಂದು ಆ ಪತ್ರ ಒಡೆದಿದ್ದೆ.

ಈಗ ನಿನಗೆ ಗೊತ್ತಿರುವ ಕತೆಯನ್ನೇ ನನ್ನ ಕಡೆಯಿಂದ ಹೇಳಬೇಕು.

ಹೋದ ವರ್ಷ ದಸರಾ ಮುಗಿದ ವಾರ ನಿಮ್ಮ ತಾತ ಕಾರಿನಲ್ಲಿ ಬಂದರು. ಹಸಿರು ಚೀಲದಲ್ಲಿ ಆ ಮ್ಯಾಗ್ನಂ ರೈಫಲ್. ಬೇಟೆಗೆ ಸರ್ಕಾರದ ನಿಷೇಧ ಬರುವ ಮೊದಲು ಅವರು ಸಂಡೂರಿನ ಗುಡ್ಡಗಳಲ್ಲಿ ಹೊತ್ತು ತಿರುಗಿದ್ದು. ಮೂವತ್ತು ಚಿಲ್ಲರೆ ವರ್ಷ ಎಣ್ಣೆ ಹಚ್ಚಿಸಿಕೊಂಡು ಬೀರುವಿನಲ್ಲಿ ಮಲಗಿತ್ತು. ಅದರ ತೋಟಾಗಳು ಈಗೆಲ್ಲೂ ಸಿಗುವುದಿಲ್ಲ. "ಕೊಲ್ಲೋದು ಬ್ಯಾಡ ಉಜ್ಜಿನಪ್ಪ, ಆ ಕಾಲ ಮುಗೀತು," ಅಂದರು ತಾತ. "ಎಂಬತ್ತು ತುಂಬ್ತೈತಿ ನನಗ. ಆಚಿ ಗುಡ್ಡದಾಗ ಒಂದು ಬಿಳೀ ಕಲ್ಲಬಂಡಿ ಐತಿ, ಆರುನೂರು ಗಜ. ಅದಕ್ಕೊಂದು ಏಟು ಬೀಳೋದು ನೋಡ್ಬೇಕು. ಅಷ್ಟ."

ಅಪ್ಪನ ಮುಖ ಅರಳಿದ್ದು ನಿನಗೆ ಗೊತ್ತಿಲ್ಲ, ಅವತ್ತು ನೀನು ಇರಲಿಲ್ಲ. ನಾಡಬಂದೂಕು, ರೈತರ ಒಂಟಿ ನಳಿಗೆ ಇವುಗಳಲ್ಲೇ ಜೀವನ ಕಳೆದವರಿಗೆ ಅಂಥ ರೈಫಲ್ ಕೈಗೆ ಬಂದಿತ್ತು. ಮದ್ದು, ಗುಂಡು, ಕಿಡಿ ಹೊತ್ತಿಸುವ ಕೇಪು ಒಂದೊಂದಕ್ಕೂ ಲೈಸೆನ್ಸಿನ ಕಾಗದ ಹಿಡಿದು ಹೈದರಾಬಾದಿಗೆ ಅಲೆದರು. ತಾತ ಇಟ್ಟುಕೊಂಡಿದ್ದ ಹದಿನಾಲ್ಕು ಖಾಲಿ ಹಿತ್ತಾಳೆ ಕೇಸುಗಳನ್ನು ನಾನು ಹುಣಸೆಹಣ್ಣಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಒಂದೊಂದು ರೈಫಲ್ಲಿಗೂ ತನ್ನದೇ ಹದ ಇರುತ್ತದೆ ಎಂದು ಅಪ್ಪ ಹೇಳಿದರು. ಮದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಬೇಕು, ಪ್ರತಿ ತೂಕಕ್ಕೂ ಮೂರು ಗುಂಡು ಹೊಡೆದು ನೋಡಬೇಕು, ಎಲ್ಲಿ ಮೂರೂ ತೂತುಗಳು ಒಂದಕ್ಕೊಂದು ಹತ್ತಿರ ಬರುತ್ತವೋ ಅದೇ ಅದರ ಹದ. "ಅಡಿಗಿ ಇದ್ದಂಗ. ಉಪ್ಪು ಯಾರಿಗೆ ಎಷ್ಟು ಅಂತ ನಾಲಿಗಿ ಹೇಳ್ಬೇಕು."

ಅದನ್ನೆಲ್ಲ ಬರೆದಿಡುವ ಕೆಲಸ ನನ್ನದು. ಹೈಸ್ಕೂಲಿನಿಂದಲೂ ಅಂಗಡಿಯ ಪುಸ್ತಕ ಬರೆಯುವವಳು ನಾನೇ ತಾನೆ. ಆದರೆ ತಕ್ಕಡಿಯ ಮುಂದೆ ನಾನು ಕೂತದ್ದು ಒಂದೇ ಸಲ, ಹದಿನಾಲ್ಕನೆಯ ವಯಸ್ಸಿನಲ್ಲಿ. ಕೈ ನಡುಗಿ ಚಿಟಿಕೆ ಮದ್ದು ಮೇಜಿನ ಮೇಲೆ ಬಿತ್ತು. "ಏಳು, ಇದು ನಿನ್ನ ಕೆಲಸಲ್ಲ," ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಡಿಸೆಂಬರಿನಲ್ಲಿ ನೀನು ಬಂದೆ. ನಿಮ್ಮ ಮನೆಯ ಜೀಪಿನಿಂದ ಜಿಗಿದು, ಚಪ್ಪಲಿ ಮೂಲೆಗೆ ಒದ್ದು, ನನ್ನ ಸ್ಟೂಲಿನ ಮೇಲೆ ಕೂತು, "ಕಾಕಾ, ತಾತನ ಎದುರಿಗೆ ಹೊಡಿಯಾಕಿ ನಾನು. ಕಲಿಸ್ರಿ ನನಗ," ಅಂದೆ. ಲೈಸೆನ್ಸಿನಲ್ಲಿ ನಿನ್ನ ಹೆಸರೂ ಸೇರಿಸಿಕೊಂಡು ಬಂದಿದ್ದೆ. ನನಗೆ ಖುಷಿಯಾಗಬೇಕಿತ್ತು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು.

ಎರಡನೆಯ ದಿನವೇ ಅಪ್ಪ ಫ್ಯಾನು ನಿಲ್ಲಿಸಿ, ಉಸಿರು ಹೇಗೆ ಹಿಡಿಯಬೇಕೆಂದು ತೋರಿಸಿ, ನಿನ್ನನ್ನು ತಕ್ಕಡಿಯ ಮುಂದೆ ಕೂರಿಸಿದರು. ನೀನು ಮದ್ದು ಚೆಲ್ಲಿದೆ. ನನ್ನ ಹಾಗೆ ಚಿಟಿಕೆಯಲ್ಲ, ಅರ್ಧ ಚಮಚ. ಅಪ್ಪ ನಕ್ಕರು! "ಚೆಲ್ಲದ ಕಲಿತಾರ ಯಾರು ಅದಾರ, ತಾಯಿ?" ಅಂದರು. ನಾನು ಬಾಗಿಲ ಬಳಿ ನಿಂತು ನೋಡಿದೆ. ಅಪ್ಪನ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಒಳಕ್ಕೆ ವಾಲಿಕೊಂಡಿದೆ ಎಂಬುದು ನನಗೆ ತಿಳಿದದ್ದು ಅವತ್ತು. ಅಷ್ಟು ಬಾಯಿ ತೆರೆದು ಅವರು ನಮ್ಮ ಮನೆಯಲ್ಲಿ ನಕ್ಕದ್ದೇ ಇಲ್ಲ.

ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ನಗ್ಗದ ಸ್ಟೀಲಿನ ಲೋಟ ನಿನಗೆ. ನೀನು ಬರುವ ದಿನ ಅಪ್ಪ ಬೆಳಿಗ್ಗೆಯೇ ಗಡ್ಡ ಮಾಡಿಕೊಳ್ಳುತ್ತಿದ್ದರು. ಅಡ್ಡಗಾಳಿ, ಗುಂಡಿನ ಇಳಿತ ಅಂತ ನಿನ್ನೊಡನೆ ಒಂದು ಗಂಟೆ ಮಾತಾಡಿದವರು ಊಟಕ್ಕೆ ಕೂತಾಗ ನನ್ನ ಹತ್ತಿರ "ಉಪ್ಪಿನಕಾಯಿ" ಅನ್ನುವುದೊಂದೇ ಮಾತು. ನಾನು ಪುಸ್ತಕದಲ್ಲಿ ತೂಕದ ಜೊತೆಗೆ ಅವತ್ತಿನ ಮಂಜು, ಚಳಿ, ಗಾಳಿ ಯಾವ ಕಡೆಯದು ಎಂದೆಲ್ಲ ಬರೆಯುತ್ತಿದ್ದೆ. ಅಪ್ಪ ಅದನ್ನು ನಿನ್ನ ಮುಂದೆ ಎತ್ತಿ ಹಿಡಿದು, "ನೋಡವ್ವ, ಕತಿ ಬರ್ದಾಳ," ಅಂದರು. ನೀನು ಪಾಪ, "ಚೆಂದ ಐತಲ್ಲ ಕಾಕಾ," ಅಂದೆ. ನೀನು ನನ್ನ ಪರ ವಹಿಸಿ ಮಾತಾಡಿದ್ದು, ನೀನೂ ನಕ್ಕಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಉರಿಸಿತು.

ಸಂಕ್ರಾಂತಿಯ ವಾರದ ಆ ಬೆಳಿಗ್ಗೆ ನೆನಪಿದೆಯಾ? ನಿಮ್ಮ ಗಣಿಯ ಮೇಲಿನ ಬಯಲು. ಸ್ವೆಟರಿನ ಮೇಲೆ ಶಾಲು ಹೊದ್ದರೂ ನಡುಕ. ನೀನು ಹೊಡೆದ ಮೂರು ಗುಂಡುಗಳ ತೂತನ್ನು ಒಂದು ಅಂಗೈಯಿಂದ ಮುಚ್ಚಬಹುದಿತ್ತು. ನೀನು ಕಿರುಚಿಕೊಂಡು ಹಲಗೆಯತ್ತ ಓಡಿದೆ. ಆಗ ಅಪ್ಪ ನನ್ನ ಕಡೆ ತಿರುಗಿ ಹೇಳಿದ್ದು ಇದು: "ಇದು ಚಳಿಗಾಲದ ಹದ. ಬ್ಯಾಸಿಗ್ಯಾಗ ಈ ಮದ್ದು ತಡಕೊಳ್ಳಂಗಿಲ್ಲ, ಸಿಟ್ಟಿಗೇಳ್ತೈತಿ. ಒಂದೂವರಿ ಗ್ರೇನ್ ತೂಕ ಇಳಿಸ್ಬೇಕು. ಮರಿಬ್ಯಾಡ, ಬರ್ಕೊ." ನಾನು ಪುಟದ ಅಂಚಿನಲ್ಲಿ ಬರೆದುಕೊಂಡೆ. ನೀನು ಕೇಳಿಸಿಕೊಳ್ಳಲಿಲ್ಲ. ಅಪ್ಪ ಹೇಳಿ ಮರೆತರು. ಮರೆಯಲಿಕ್ಕೆಂದೇ ತಾನೆ ನನಗೆ ಹೇಳುತ್ತಿದ್ದದ್ದು. ಎಲ್ಲವೂ ಪುಸ್ತಕದಲ್ಲಿ ಇರುತ್ತದಲ್ಲ.

ಮಾರ್ಚಿನಲ್ಲಿ ನೀನು, "ಗಂಗಿ, ನಿನ್ನ ಕತಿ ಎಲ್ಲ ಬಿಟ್ಟು ಬರೇ ಲೆಕ್ಕ ಒಂದು ನೋಟ್‌ಬುಕ್ಕಿನ್ಯಾಗ ಬರ್ದು ಕೊಡಲೇ, ಪರೀಕ್ಷೆಗೆ ಕೊಡ್ತಿದ್ದೆಲ್ಲ ಹಂಗ," ಅಂದೆ. ತಮಾಷೆಗೇ ಅಂದದ್ದು. ಕಾಲೇಜಿನ ಮೂರು ವರ್ಷ ನಿನಗೆ ನೋಟ್ಸ್ ಬರೆದುಕೊಟ್ಟಿದ್ದೇನೆ, ಒಂದು ಸಾಲು ಬಿಟ್ಟವಳಲ್ಲ. ಎರಡು ಮಧ್ಯಾಹ್ನ ಕೂತು ಬರೆದೆ. ಮಂಜು ಬಿಟ್ಟೆ, ಗಾಳಿ ಬಿಟ್ಟೆ. ಅಂಚಿನ ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕಾಗದದ ಮೇಲೆ ಶಾಯಿಯ ಒಂದು ಚುಕ್ಕೆ ಬಿದ್ದು ಅಗಲವಾಗುತ್ತಾ ಹೋಯಿತು. ನೋಡುತ್ತಾ ಕೂತೆ. ಆಮೇಲೆ ಆ ಸಾಲನ್ನು ಬಿಟ್ಟು ಮುಂದಿನದನ್ನು ಬರೆದೆ.

ಮರೆತು ಬಿಟ್ಟದ್ದಲ್ಲ, ಕಾವ್ಯ.

ನಾನು ಅಂದುಕೊಂಡದ್ದು ಇಷ್ಟೇ: ಬಿಸಿಲಿಗೆ ಗುಂಡು ಮೇಲೇರಿ ಹೋಗುತ್ತದೆ. ನಿಮ್ಮ ತಾತ, ನಿಮ್ಮಪ್ಪ, ನೆಂಟರೆಲ್ಲರ ಎದುರಿಗೆ ನಿನ್ನ ಒಂದು ಏಟು ತಪ್ಪುತ್ತದೆ. ಅಪ್ಪ ಹುಬ್ಬು ಗಂಟಿಕ್ಕುತ್ತಾರೆ. "ಏಳು, ಇದು ನಿನ್ನ ಕೆಲಸಲ್ಲ" ಅನ್ನುತ್ತಾರೆ. ಒಂದೇ ಒಂದು ಸಲ. ಅದಕ್ಕಿಂತ ದೊಡ್ಡದನ್ನು ಬಯಸಲಿಲ್ಲ ಎಂದು ಈಗ ಬರೆದರೆ ನಿನಗೇನು ಉಪಯೋಗ? ಮದ್ದು ಸಿಟ್ಟಿಗೇಳುತ್ತದೆ ಎಂದು ಅಪ್ಪ ಹೇಳಿದ್ದನ್ನು ನಾನು ಇದೇ ಕಿವಿಯಿಂದ ಕೇಳಿದ್ದೆ.

ಬಸವ ಜಯಂತಿಯ ಮಾರನೆಯ ದಿನ ಹನ್ನೊಂದು ಗಂಟೆಗೇ ಬಯಲು ಕಾದ ಹೆಂಚಾಗಿತ್ತು. ತಾತನಿಗೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದಿರಿ. ಅವರು ಕೈ ಹಣೆಗಿಟ್ಟು ಆಚೆ ನೋಡಿ, "ಬಂಡಿ ಎಲ್ಲೈತಲೇ ಬಸ್ಯಾ?" ಅಂದರು. ಬಂಡೆಯೇನು, ಆ ಗುಡ್ಡದ ತಲೆಯೇ ಇರಲಿಲ್ಲ. ನಿಮ್ಮಪ್ಪ, "ಅದು ಚೀನಾಕ್ಕ ಹೋತಪ್ಪ, ಹಡಗು ಹತ್ತಿ," ಅಂದರು. ಎಲ್ಲರೂ ನಕ್ಕರು, ತಾತ ನಗಲಿಲ್ಲ. ಬಂಡೆಯ ಬದಲು ಸುಣ್ಣ ಬಳಿದ ಕಬ್ಬಿಣದ ತಗಡು ನಿಲ್ಲಿಸಿದ್ದಿರಿ. ತೋಟಾಗಳ ಡಬ್ಬಿ ಜೀಪಿನ ಬಾನೆಟ್ಟಿನ ಮೇಲೆ ಬಿಸಿಲಿನಲ್ಲಿತ್ತು. ನಾನು ಅದನ್ನು ನೋಡಿದೆ. ಕೈಯಿಂದ ಮುಟ್ಟಿಯೂ ನೋಡಿದೆ, ಸುಟ್ಟಿತು. ನೆರಳಿಗಿಡಲಿಲ್ಲ.

ನೀನು ರೈಫಲ್ ಎತ್ತಿಕೊಂಡೆ. ಆಗ ಅಪ್ಪ ಕೈ ಚಾಚಿ, "ತಾ ಇಲ್ಲಿ, ಮೊದಲನೇದು ನಂದು," ಅಂದರು.

ಇದನ್ನು ನಾನು ಹೇಗೆ ಮರೆತೆ? ಹುಟ್ಟಿದಾಗಿನಿಂದ ನೋಡಿದ್ದೇನೆ. ಯಾರ ಬಂದೂಕೇ ಆಗಲಿ, ಯಾರು ತುಂಬಿದ ತೋಟಾವೇ ಆಗಲಿ, ಹೊಸದಾಗಿ ತುಂಬಿದ್ದರಲ್ಲಿ ಮೊದಲನೆಯ ಗುಂಡು ಅಪ್ಪನದು. ತಾವು ಹೊಡೆದು ನೋಡದೆ ಇನ್ನೊಬ್ಬರ ಕೆನ್ನೆಗೆ ಒರಗಿಸಲು ಬಿಟ್ಟವರಲ್ಲ. ಮೂಕಣ್ಣನ ನಳಿಗೆಯನ್ನೂ ಹಾಗೆಯೇ ಕೊಡುವುದು. ಚಳಿಗಾಲವೆಲ್ಲ ನೋಡಿದ್ದೆ. ಆದರೆ ಮಾರ್ಚಿನ ಆ ಮಧ್ಯಾಹ್ನ ನನ್ನ ಕಣ್ಣ ಮುಂದೆ ನಿನ್ನ ಕೆನ್ನೆಯೊಂದೇ ಇತ್ತು, ಅಪ್ಪ ಇರಲೇ ಇಲ್ಲ.

ಅವರು ಕನ್ನಡಕವನ್ನು ಹಣೆಗೇರಿಸಿ ಮಂಡಿಯೂರಿದರು. ನಾನು "ಅಪ್ಪಾ" ಅಂದೆ. ಅಂದದ್ದು ನಿಜ. ಆದರೆ ಅಷ್ಟು ಜನ, ಅಷ್ಟು ಬಿಳಿಯ ಅಂಗಿಗಳು, ಎಲ್ಲರೂ ನನ್ನ ಕಡೆ ತಿರುಗಿಬಿಡುತ್ತಾರೆಂಬ ಆ ನಾಚಿಕೆ... ನನ್ನ ಪಕ್ಕದಲ್ಲಿದ್ದ ನಿಮ್ಮ ಅಜ್ಜಿ ನೀಲಗಂಗಮ್ಮನವರು ಮಾತ್ರ, "ಏನವ್ವಾ?" ಅಂದರು. "ಏನಿಲ್ಲರಿ," ಅಂದೆ.

ಉಳಿದದ್ದು ನೀನೂ ನೋಡಿದ್ದೀಯ. ಎಂದಿನ ಸದ್ದಲ್ಲ ಅದು. ನಳಿಗೆಯ ಹಿಂದಿನ ಬೋಲ್ಟಿನ ಸಂದಿಯಿಂದ ಬೆಂಕಿ ಅಪ್ಪನ ಮುಖಕ್ಕೆ ಹಾರಿತು, ಹಿತ್ತಾಳೆ ಚೂರಾಯಿತು. ನೀನು ಓಡಿಹೋಗಿ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನಾನು ನಿಂತಲ್ಲೇ ನಿಂತಿದ್ದೆ. ಆಗಲೂ, ಅಂಥ ಹೊತ್ತಿನಲ್ಲೂ, ಅಲ್ಲಿ ಇರಬೇಕಾದ ತೊಡೆ ನನ್ನದು ಎಂದು ಅನ್ನಿಸಿತು ನೋಡು. ನನ್ನಂಥವಳನ್ನು ಏನೆಂದು ಕರೆಯುತ್ತಾರೋ, ಓದಿದ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನಿನ್ನ ತೂಕ ತಪ್ಪಿರಲಿಲ್ಲ. ಉಳಿದ ತೋಟಾಗಳನ್ನು ಪೊಲೀಸರ ಎದುರಿಗೆ ಬಿಚ್ಚಿ ತೂಗಿದಾಗ ನಾನೂ ಇದ್ದೆ. ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದಷ್ಟೇ ಇತ್ತು, ಒಂದು ಕಣ ಹೆಚ್ಚಿಲ್ಲ. ಅಪ್ಪನಿಗೆ ಅದನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಹಿತ್ತಾಳೆ ಕೇಸು ಹಳೆಯದು, ಸೀಳಿತು ಎಂದು ಪೊಲೀಸರು ಬರೆದುಕೊಂಡು ಹೋದರು. ಅಪ್ಪ ಮಾತ್ರ ತಾವೇ ತಕ್ಕಡಿ ನೋಡಲಿಲ್ಲವೆಂದು ಕೊರಗುತ್ತಾರೆ, ಅಲ್ಲಿ ನೀನು ನಿನ್ನ ಕೈಯನ್ನು ಬೈದುಕೊಳ್ಳುತ್ತೀಯ. ನಡುವೆ ನಾನು ಇಬ್ಬರಿಗೂ ಚಹಾ ಕೊಡುವವಳ ಹಾಗೆ ಸುಮ್ಮನೆ ಓಡಾಡಿಕೊಂಡಿದ್ದೇನೆ.

ಇನ್ನೊಂದು ಹೇಳಿಬಿಡುತ್ತೇನೆ. ಈ ಮೂರು ವಾರದಲ್ಲಿ ಅಪ್ಪ ನಾಲ್ಕು ಸಲ ಕೇಳಿದ್ದಾರೆ, "ಕಾವ್ಯ ಕಾಗದ ಏನರ ಬರ್ದಾಳೇನು?" ಅಂತ. ನಾಲ್ಕು ಸಲವೂ "ಇಲ್ಲಪ್ಪ" ಅಂದಿದ್ದೇನೆ. ನಿನ್ನ ಪತ್ರ ಹಳೆಯ ಪುಸ್ತಕದ ಆ ಪುಟದಲ್ಲೇ ಇದೆ, ಅಂಚಿನ ಸಾಲಿನ ಮೇಲೆ.

ತಾತನಿಗೆ ನಮಸ್ಕಾರ ಹೇಳು. ಆ ರೈಫಲ್ಲನ್ನು ಅವರು ಠಾಣೆಗೆ ಒಪ್ಪಿಸಿದರಂತೆ, ಮೂಕಣ್ಣ ಹೇಳಿದ. ನಿನ್ನ ಕೈ ಚೆನ್ನಾಗಿದೆ, ಕಾವ್ಯ. ನಡುಗದ ಕೈ ಅದು, ಅದನ್ನು ಬೈಯಬೇಡ. ಇದನ್ನು ಬರೆಯುವಾಗಲೂ ನನಗೆ ಸ್ವಲ್ಪ ನೋಯುತ್ತದೆ. ಆದರೂ ನಿನಗೆ ಒಳ್ಳೆಯದೇ ಆಗಲಿ. ನಿನ್ನ ಏಟು ಬಿದ್ದಲ್ಲೆಲ್ಲ ತಗಡು ಸದ್ದು ಮಾಡಲಿ.

ಇಂತಿ,
ನಿನ್ನ
ಗಂಗೋತ್ರಿ

ತಾ.ಕ.: ನಿನ್ನ ಪತ್ರದ ಕೊನೆಯಲ್ಲಿ ನೀನು ಯೋಚಿಸದೆ ಬರೆದ ಎರಡು ಸಾಲುಗಳಿವೆ. ಅವನ್ನು ಓದಿದ ಮೇಲೆಯೇ ಮೂರು ವಾರ ನನಗೆ ಪೆನ್ನು ಹಿಡಿಯಲಾಗಲಿಲ್ಲ. ತೋಟಾ ತುಂಬುವ ದಿನ ನೀನು ನೋಟ್‌ಬುಕ್ ಚಾಚಿ, "ಕಾಕಾ, ಒಂದ್ಸಲ ನೋಡ್ರಿ, ಸರಿ ಐತೇನು?" ಅಂದೆಯಂತೆ. ಅಪ್ಪ ಅದನ್ನು ತೆರೆಯಲೇ ಇಲ್ಲವಂತೆ. "ನಮ್ಮ ಗಂಗಿ ಬರ್ದಿದ್ದಲ್ಲವ್ವ? ನೋಡೋದೇನೈತಿ ಅದರಾಗ. ನನ್ನ ಕಣ್ಣು ತಪ್ಪಬೌದು, ಆಕಿ ಬರ್ದಿದ್ದು ತಪ್ಪಂಗಿಲ್ಲ" ಅಂದರಂತೆ. ಈ ಮಾತನ್ನು ಅವರು ನನ್ನ ಮುಂದೆ ಒಮ್ಮೆಯಾದರೂ ಅಂದಿದ್ದರೆ! ನನಗೆ ಬೇಕಾಗಿದ್ದದ್ದು ಅದೊಂದೇ, ಅದು ನನ್ನದೇ ಆಗಿತ್ತು, ನಿನ್ನದಾಗಿರಲೇ ಇಲ್ಲ.

ಅಂಚೆ ಪೆಟ್ಟಿಗೆ ನಾಳೆ ಹತ್ತು ಗಂಟೆಗೆ ತೆಗೆಯುತ್ತಾರೆ. ಅದಕ್ಕೆ ಮೊದಲು, ಬೆಳಿಗ್ಗೆ ಅಪ್ಪ ಕ್ಯಾಲೆಂಡರಿನ ಹತ್ತಿರ ಬಂದಾಗ ಕುರ್ಚಿ ಹಾಕಿ ಕೂರಿಸುತ್ತೇನೆ. ಅವರಿಗೆ ಈಗ ಓದಲಾಗುವುದಿಲ್ಲ. ಮೊದಲು ಹಳೆಯ ಪುಸ್ತಕದ ಅಂಚಿನ ಆ ಸಾಲು, ಆಮೇಲೆ ನಿನ್ನ ಪತ್ರ, ಆಮೇಲೆ ಇದು. ಮೂರನ್ನೂ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ, ಓದಿ ಮುಗಿಸಿದ್ದೇನೆ ಎಂದು ತಿಳಿ.